ಇಂಟರ್ವಲ್ ಎಂದರೆ ವಾಂತಿಯಾಗುವವರೆಗೆ ಎಳೆಯುವುದಲ್ಲ

ಇಂದು ಬೆಳಿಗ್ಗೆ ನಮ್ಮ ಬಡಾವಣೆಯ ಜಿಮ್‌ನಲ್ಲಿ ಕಂಡದ್ದು ಮಧ್ಯಾಹ್ನವಾದರೂ ಮನಸ್ಸಿನಿಂದ ಹೋಗುತ್ತಿಲ್ಲ. ಸೇರಿ ಇನ್ನೂ ವಾರವಾಗಿರದ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹುಡುಗನೊಬ್ಬನನ್ನು ಟ್ರೈನರ್ ದೋಣಿಗೆ ಹುಟ್ಟು ಹಾಕುವಂತೆ ಹಿಡಿಕೆ ಎಳೆಯುವ ರೋಯಿಂಗ್ ಮಷೀನ್ ಮೇಲೆ ಕೂರಿಸಿ, ಅದರ ಚಕ್ರಕ್ಕೆ ಹೋಗುವ ಗಾಳಿಯನ್ನು ಹೊಂದಿಸುವ ಡ್ಯಾಂಪರನ್ನು ಅತಿ ಹೆಚ್ಚಿನ 10ಕ್ಕೆ ಏರಿಸಿ, "ಒಂದು ನಿಮಿಷ ಫುಲ್, ಒಂದು ನಿಮಿಷ ರೆಸ್ಟ್, ಇಪ್ಪತ್ತು ಸಲ" ಎಂದು ಹೇಳಿ ಫೋನ್ ನೋಡುತ್ತ ನಿಂತರು. ಮೊದಲ ನಿಮಿಷ ಮಾನಿಟರ್ 500 ಮೀಟರಿಗೆ 1:52ರ ವೇಗ ತೋರಿಸಿತು, ಅಂದರೆ 500 ಮೀಟರ್ ಮುಗಿಸಲು 1 ನಿಮಿಷ 52 ಸೆಕೆಂಡು. ನಾಲ್ಕನೆಯದಕ್ಕೆ 2:21 ಆಯಿತು, ಏಳನೆಯದಕ್ಕೆ 2:50. ಅಷ್ಟು ಹೊತ್ತಿಗೆ ಅವನ ಬೆನ್ನು ಬಿಲ್ಲಿನಂತೆ ಬಾಗಿತ್ತು, ಕಾಲು ತಳ್ಳುವ ಮೊದಲೇ ತೋಳು ಎಳೆಯುತ್ತಿತ್ತು, ಹಿಂದಿರುಗುವಾಗ ಹಿಡಿಕೆ ಮಂಡಿಗೆ ಬಡಿಯುತ್ತಿತ್ತು. ಒಂಬತ್ತನೆಯದರ ನಡುವೆ ಎದ್ದು ಬಾತ್‌ರೂಮಿಗೆ ಓಡಿದ. "ಹಾಗಿರ್ಬೇಕು ವರ್ಕೌಟ್ ಅಂದ್ರೆ" ಎಂದರು ಟ್ರೈನರ್. ನನಗೆ ಸಿಟ್ಟು ಬಂದದ್ದು ಆ ಮಾತಿಗೆ.

ಮಂಡಿಯ ಕಾರಣಕ್ಕೆ ಲಾಲ್‌ಬಾಗಿನ ಓಟ ಬಿಟ್ಟು ನಾನು ಈ ಯಂತ್ರ ಹಿಡಿದ ಕಥೆ ಇಲ್ಲಿನ ಗೆಳೆಯರಿಗೆಲ್ಲ ಗೊತ್ತಿರುವುದರಿಂದ ಮತ್ತೆ ಹೇಳುವುದಿಲ್ಲ. ನಾಲ್ಕು ವರ್ಷಗಳಿಂದ ಪ್ರತಿ ಇಂಟರ್ವಲ್ಲನ್ನೂ, ಅಂದರೆ ನಡುನಡುವೆ ಬಿಡುವು ಕೊಟ್ಟು ತುಂಡುತುಂಡಾಗಿ ಮಾಡುವ ಅಭ್ಯಾಸವನ್ನು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟವಳಾಗಿ ಹೇಳುತ್ತೇನೆ: ಆ ಹುಡುಗ ಮಾಡಿದ್ದು ಇಂಟರ್ವಲ್ ಅಲ್ಲವೇ ಅಲ್ಲ. ಮೊದಲ ತುಂಡಿಗೂ ಕೊನೆಯ ತುಂಡಿಗೂ ಒಂದು ನಿಮಿಷದ ಅಂತರವಿದ್ದರೆ ಅಲ್ಲಿ ಯೋಜನೆಯೇ ಇರಲಿಲ್ಲವೆಂದರ್ಥ. ಎಷ್ಟು ದೂರ, ಯಾವ ವೇಗ, ನಡುವೆ ಎಷ್ಟು ವಿಶ್ರಾಂತಿ, ಈ ಮೂರನ್ನೂ ಕೂರುವ ಮೊದಲೇ ನಿಗದಿ ಮಾಡಬೇಕು, ಮತ್ತು ಮೂರರಲ್ಲಿ ನಮ್ಮ ಜಿಮ್‌ಗಳು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ವಿಶ್ರಾಂತಿಯನ್ನು.

ಮೊದಲು ಡ್ಯಾಂಪರ್ ವಿಷಯ. ಅದು ಭಾರದ ಗುರುತಲ್ಲ. 1981ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಅಣ್ಣತಮ್ಮಂದಿರಿಬ್ಬರು ಸೈಕಲ್ ಚಕ್ರ ಬಳಸಿ ಮಾಡಿದ ಮೊದಲ ಕಾನ್ಸೆಪ್ಟ್ 2 ಕಂಪನಿಯ ರೋಯಿಂಗ್ ಯಂತ್ರದಿಂದ ಹಿಡಿದು ಇಂದಿನವರೆಗೂ ಇದು ಗಾಳಿಯನ್ನು ತಳ್ಳುವ ಯಂತ್ರವೇ, ಮತ್ತು ಚಕ್ರದ ಗೂಡಿಗೆ ಎಷ್ಟು ಗಾಳಿ ನುಗ್ಗಬೇಕೆಂಬುದನ್ನಷ್ಟೇ ಡ್ಯಾಂಪರ್ ನಿರ್ಧರಿಸುತ್ತದೆ. 10ರಲ್ಲಿಟ್ಟರೆ ಚಕ್ರ ಬೇಗ ನಿಧಾನವಾಗುತ್ತದೆ. ಪ್ರತಿ ಸ್ಟ್ರೋಕೂ (ಒಂದು ಪೂರ್ತಿ ಎಳೆತ) ನಿಂತ ಬಂಡಿಯನ್ನು ಕದಲಿಸಿದಂತಾಗಿ ಹೊರೆಯೆಲ್ಲ ಸೊಂಟದ ಮೇಲೆ ಬೀಳುತ್ತದೆ. ನೋಡಬೇಕಾದದ್ದು ಮಾನಿಟರಿನ ಮೆನುವಿನೊಳಗಿರುವ ಡ್ರ್ಯಾಗ್ ಫ್ಯಾಕ್ಟರ್ ಎಂಬ, ಗಾಳಿ ಚಕ್ರವನ್ನು ಎಷ್ಟು ತಡೆಯುತ್ತಿದೆ ಎಂದು ತೋರಿಸುವ ಅಂಕಿಯನ್ನು. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ಗಾಳಿ ತುಸು ತೆಳುವಾದ್ದರಿಂದ, ಮಂಗಳೂರಿನಲ್ಲಿ ಡ್ಯಾಂಪರ್ 4ರಲ್ಲಿ ಬರುವ ಅಂಕಿ ಇಲ್ಲಿ 4ರಲ್ಲಿ ಬರುವುದಿಲ್ಲ. ಅದರ ಮೇಲೆ ಎದುರು ಸೈಟಿನ ಕಟ್ಟಡದ ಧೂಳು ಗೂಡಿನ ಜಾಲರಿಗೆ ಮೆತ್ತಿಕೊಂಡರೆ ಇನ್ನಷ್ಟು ಇಳಿಯುತ್ತದೆ. ಮೊನ್ನೆ ನಮ್ಮ ಯಂತ್ರದಲ್ಲಿ 5ಕ್ಕೆ 112 ಇತ್ತು. ನನಗೆ ಅಷ್ಟು ಸಾಕು. ಹಾಗೆಂದು ವೇಗದ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಪ್ರತಿ ಎಳೆತದ ನಂತರ ಚಕ್ರ ಎಷ್ಟು ಬೇಗ ನಿಧಾನವಾಯಿತೆಂದು ಮಾನಿಟರ್ ಹೊಸದಾಗಿ ಅಳೆಯುತ್ತಲೇ ಇರುತ್ತದೆ.

ಇನ್ನು ವೇಗ. ಗಾಳಿಯ ಯಂತ್ರದಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 2:30ರ ವೇಗಕ್ಕೆ ಸುಮಾರು 104 ವ್ಯಾಟ್ ಸಾಕು. 2:00ಕ್ಕೆ 203 ವ್ಯಾಟ್ ಬೇಕು, ಅಂದರೆ ಅರ್ಧ ನಿಮಿಷ ಇಳಿಸಲು ಹೆಚ್ಚುಕಡಿಮೆ ಎರಡರಷ್ಟು ಶಕ್ತಿ. 2:15ರಲ್ಲಿ ಮಾಡಬೇಕಾದದ್ದನ್ನು ಹುಮ್ಮಸ್ಸಿನಲ್ಲಿ 2:05ಕ್ಕೆ ಆರಂಭಿಸಿದರೆ ಅದು ಬರೀ ಹತ್ತು ಸೆಕೆಂಡಿನ ಮಾತಲ್ಲ, 142 ವ್ಯಾಟಿನ ಬದಲು 179 ವ್ಯಾಟ್. ಕಾಲುಭಾಗಕ್ಕಿಂತ ಹೆಚ್ಚಿನ ಸಾಲ. ಆ ಸಾಲವನ್ನು ಮೂರನೆಯ ತುಂಡಿನಿಂದಲೇ ತೀರಿಸಬೇಕಾಗುತ್ತದೆ. ಇಂದು ಆ ಹುಡುಗನ ಮುಖದ ಮೇಲೆ ನಾನು ಕಂಡದ್ದು ಅದನ್ನೇ, ಮತ್ತು ಅದಕ್ಕೆ ಅವನು ಹೊಣೆಯಲ್ಲ.

ನನ್ನದು ಹೀಗೆ. ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಸ್ಪರ್ಧೆಗೆ ಬಹುಕಾಲದಿಂದ ನಡೆದುಬಂದಿರುವ ದೂರ 2000 ಮೀಟರ್. ಯಂತ್ರದ ಮೇಲೆಯೂ ಅದೇ ಪರೀಕ್ಷೆ. ನನಗೆ ಅದಕ್ಕೆ 9:12 ಬೇಕಾಗುತ್ತದೆ, ಅಂದರೆ 500ಕ್ಕೆ 2:18. ಆದ್ದರಿಂದ 500 ಮೀಟರಿನ ಎಂಟು ತುಂಡುಗಳನ್ನು 2:15ಕ್ಕೆ ಇಟ್ಟುಕೊಂಡಿದ್ದೇನೆ, ನಡುವೆ ಮೂರೂವರೆ ನಿಮಿಷ ವಿಶ್ರಾಂತಿ. ಮೊದಲ ಏಳರಲ್ಲಿ ಹಿಂದಿನ ಸಲದ ಸರಾಸರಿಯನ್ನು ಮೀರುವುದಿಲ್ಲ, ಎಂಟನೆಯದರಲ್ಲಿ ಮಾತ್ರ ಉಳಿದದ್ದನ್ನೆಲ್ಲ ಸುರಿಯುತ್ತೇನೆ, ಅದರಿಂದ ಬರುವ ಹೊಸ ಸರಾಸರಿಯೇ ಮುಂದಿನ ಸಲದ ಗುರಿ. ಮರುವಾರ 1000 ಮೀಟರಿನ ನಾಲ್ಕು, ಐದೈದು ನಿಮಿಷ ವಿಶ್ರಾಂತಿ. ಅದರ ಮರುವಾರ 250ರಿಂದ 1000ಕ್ಕೆ ಹತ್ತಿ ಮತ್ತೆ 250ಕ್ಕೆ ಇಳಿಯುವ ಏಣಿ. ನಾಲ್ಕನೆಯ ವಾರ ಪುನಃ ಅದೇ ಎಂಟು ತುಂಡು. ಉಳಿದ ದಿನಗಳಲ್ಲಿ ನಿಮಿಷಕ್ಕೆ 20 ಸ್ಟ್ರೋಕಿನಂತೆ, ಪಕ್ಕದವರೊಡನೆ ಮಾತಾಡಬಹುದಾದಷ್ಟು ನಿಧಾನ.

ಎಂಟು ತುಂಡಿಗೆ 18 ನಿಮಿಷ ಕೆಲಸ, ನಡುವಿನ ಏಳು ಬಿಡುವುಗಳಿಗೆ ಇಪ್ಪತ್ನಾಲ್ಕೂವರೆ ನಿಮಿಷ. ಹೌದು, ಎಳೆಯುವುದಕ್ಕಿಂತ ಬಿಡುವೇ ಹೆಚ್ಚು. ಆ ಬಿಡುವಿನಲ್ಲಿ ನಾನು ಹಗುರವಾಗಿ ಹಿಡಿಕೆಯನ್ನು ಆಡಿಸುತ್ತ, ಒಂದು ಗುಟುಕು ನೀರು ಕುಡಿದು, ಅಂಕಿ ಬರೆದುಕೊಳ್ಳುತ್ತಿದ್ದರೆ ಯಾರಾದರೂ ಬಂದು "ಮೇಡಮ್, ನಿಮ್ದು ಆಯ್ತಾ? ಸುಮ್ನೆ ಕೂತಿದೀರಲ್ಲ" ಎನ್ನುತ್ತಾರೆ. ಇದೇ ಟ್ರೈನರ್ ಎರಡು ಸಲ "ರೆಸ್ಟ್ ಜಾಸ್ತಿ ಆಯ್ತು" ಎಂದಿದ್ದಾರೆ. ಸುಮ್ಮನೆ ಕೂತಿಲ್ಲ! ಮುಂದಿನ ತುಂಡನ್ನು ಅದೇ ವೇಗದಲ್ಲಿ, ಅದೇ ಸರಿಯಾದ ಭಂಗಿಯಲ್ಲಿ ಮಾಡುವುದಕ್ಕೆ ಬೇಕಾದ ಉಸಿರನ್ನು ಗಳಿಸುತ್ತಿದ್ದೇನೆ. ಆ ಮೂರೂವರೆ ನಿಮಿಷವೂ ಯೋಜನೆಯ ಒಳಗಿನದೇ.

"ಎಲ್ಲರೂ ಒಲಿಂಪಿಕ್ಸ್‌ಗೆ ಹೋಗ್ತಾರೇನೇ, ಬೆವರು ಬಂದ್ರೆ ಸಾಲ್ದಾ?" ಎಂದು ಗೆಳತಿಯೊಬ್ಬಳು ಫೋನಿನಲ್ಲಿ ಕೇಳಿದಳು. ಸಾಲದು. ಒಲಿಂಪಿಕ್ಸ್‌ಗೆ ಹೋಗುವವರೇ ವಾರದ ಬಹುಪಾಲು ದೂರವನ್ನು ನಿಧಾನವಾಗಿ ಕ್ರಮಿಸುತ್ತಾರೆ, ಕಷ್ಟದ ಪಾಠಗಳನ್ನು ಅಳೆದು ತೂಗಿ ಇಡುತ್ತಾರೆ. ನಿನ್ನೆ ಮೊನ್ನೆ ಬಂದವನಿಗೆ ಅಳತೆ ಬೇಡವೆನ್ನುವುದು ಯಾವ ನ್ಯಾಯ? ಮೂವತ್ತು ಸೆಕೆಂಡು ಕೆಲಸಕ್ಕೆ ಮೂವತ್ತು ಸೆಕೆಂಡು ವಿಶ್ರಾಂತಿಯ ಪಾಠಗಳೂ ಇವೆ, ಅವು ಕೆಟ್ಟವಲ್ಲ, ಆದರೆ ಅಲ್ಲಿಯೂ ವೇಗವನ್ನು ಆ ಬಿಡುವಿಗೆ ತಕ್ಕಂತೆ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಬೆವರು ಬೇಕಿದ್ದರೆ ಏಪ್ರಿಲ್ ತಿಂಗಳಲ್ಲಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾದರೂ ಬರುತ್ತದೆ.

ಇಷ್ಟು ಸಿಟ್ಟಿನ ಹಿಂದೆ ನನ್ನದೇ ನೋವೊಂದಿದೆ. ಇಲ್ಲಿ ಎಂದೂ ಬರೆದಿರಲಿಲ್ಲ. ಮೊದಲ ವರ್ಷ, ದಸರಾ ಕಳೆದ ಮೇಲೆ, ನಾನೂ ಡ್ಯಾಂಪರ್ 10ರಲ್ಲಿಟ್ಟು ಮೂರು ವಾರ ದಿನಾ ಇಂಟರ್ವಲ್ ಮಾಡಿದೆ. ಯಾರೂ ತಡೆಯಲಿಲ್ಲ, ಭೇಷ್ ಎಂದವರೇ ಎಲ್ಲರೂ. ಒಂದು ಬೆಳಿಗ್ಗೆ ರಂಗೋಲಿ ಹಾಕಲು ಗೇಟಿನ ಮುಂದೆ ಬಗ್ಗಿದವಳು ಮೇಲೇಳಲಾಗದೆ, ಬೆರಳ ಸಂದಿಯಲ್ಲಿ ಪುಡಿ ಸೋರುತ್ತಿದ್ದಂತೆ ಗೇಟಿನ ಸರಳು ಹಿಡಿದು ಹಾಗೇ ನಿಂತಿದ್ದೆ. ಹಾಲಿನವನು ಒಳಗೆ ಹೋಗಿ ಅತ್ತೆಯವರನ್ನು ಕರೆದ. ಒಂದೂವರೆ ತಿಂಗಳು ರಂಗೋಲಿ ಅತ್ತೆಯವರದೇ ಆಯಿತು. ಫಿಸಿಯೋಥೆರಪಿಸ್ಟ್ ನನ್ನನ್ನು ಬರಿಗೈಯಲ್ಲಿ ನೆಲದ ಮೇಲೆ ಕೂರಿಸಿ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತೋಳು ಎಂದು ಮಗುವಿಗೆ ಹೇಳಿಕೊಟ್ಟಂತೆ ಕಲಿಸಿದರು. ಇಂದು ಆ ಹುಡುಗನ ಬಾಗಿದ ಬೆನ್ನು ನೋಡಿದಾಗ ನನಗೆ ಆ ಗೇಟು ನೆನಪಾಯಿತು.

ಬಾತ್‌ರೂಮಿನಿಂದ ಬಂದವನಿಗೆ ನೀರು ಕೊಟ್ಟೆ. "ಆಂಟಿ, ನನಗೆ ಸ್ಟ್ಯಾಮಿನಾ ಇಲ್ಲ ಅಲ್ವಾ?" ಎಂದ. ಮೊದಲ ನಿಮಿಷಕ್ಕೆ 1:52 ಎಳೆದವನು ಕೇಳುವ ಪ್ರಶ್ನೆಯೇ ಇದು? ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಬರೆದುಕೊಟ್ಟಿದ್ದೇನೆ: ಹತ್ತು ನಿಮಿಷ ಹಗುರ, ಡ್ಯಾಂಪರ್ 5, 500 ಮೀಟರಿನ ನಾಲ್ಕು, ನಾಲ್ಕೂ 2:15ಕ್ಕೆ, ನಡುವೆ ಮೂರೂವರೆ ನಿಮಿಷ. ಗುರುವಾರ ಆರು ಗಂಟೆಗೆ ಬರುತ್ತೇನೆಂದಿದ್ದಾನೆ. ಬಿಡುವಿನಲ್ಲಿ ಅವನನ್ನು ಯಾರೂ ಎಬ್ಬಿಸದಂತೆ ನಾನು ಪಕ್ಕದಲ್ಲೇ ನಿಂತಿರುತ್ತೇನೆ.