ಅಡಿಕೆ ಸುಲಿದರೂ ಹೆಜ್ಜೆಯಂತೆ!

ಈ ಸ್ಮಾರ್ಟ್ ಬ್ಯಾಂಡಿಗೆ ಅಡಿಕೆ ಸುಲಿಯೋದೂ ಒಂದೇ, ನಡೆಯೋದೂ ಒಂದೇ. ಶಿರಸಿ ಕಡೆ ಕೊನೆಕೊಯ್ಲಿನ ಹೊತ್ತಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಒಂದೇ ಸಮ ಕೈ ಆಡಿಸಿದರೆ ಸಾಕು, ಕೂತಲ್ಲೇ ಹೆಜ್ಜೆ ಏರುತ್ತೆ. ಒಳಗಿರೋದು ಅಲುಗಾಟ ಅಳೆಯೋ ಸೆನ್ಸರ್ ಮಾರಾಯ್ರೆ, ಅದಕ್ಕೆ ಕಾಲು ಎಲ್ಲಿ ಕಾಣಬೇಕು? ಅದೇ ಕಾರವಾರದ ಪೇಟೆಗೆ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು, ಬ್ಯಾಂಡ್ ಕಟ್ಟಿದ ಕೈಯಲ್ಲೇ ಅದನ್ನ ಹಿಡಿದು ನಡೆದರೆ ಎಷ್ಟೋ ಹೆಜ್ಜೆ ಲೆಕ್ಕಕ್ಕೇ ಇಲ್ಲ. ಕೈ ಬೀಸಲಿಲ್ಲವಲ್ಲ! ಸಂಜೆ ಮೇಲಿಂದ ಬ್ಯಾಂಡಿನ ಉಪದೇಶ ಬೇರೆ: ‘ಸ್ವಲ್ಪ ಎದ್ದು ಓಡಾಡಿ.’

ದಿನಕ್ಕೆ 10,000 ಹೆಜ್ಜೆ ಅನ್ನೋ ಆ ಗುರಿಯಾದರೂ ವೈದ್ಯರು ಹುಡುಕಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಕೆ ಯಂತ್ರಕ್ಕೆ ಇಟ್ಟ ಹೆಸರು ಅದು.

ನಾಡಿ ಲೆಕ್ಕವೂ ಅಷ್ಟೇ. ಹಸಿರು ಬೆಳಕು ಚರ್ಮಕ್ಕೆ ಬಿಟ್ಟು, ವಾಪಸ್ ಬರೋ ಬೆಳಕಿನ ಏರಿಳಿತದಲ್ಲಿ ರಕ್ತದ ಬಡಿತ ಹಿಡಿಯುತ್ತೆ. ಪಟ್ಟಿ ಸಡಿಲವಾಗಿ, ನಮ್ಮ ಕರಾವಳಿಯ ಬೆವರು ಕೆಳಗೆ ಜಿಗುಟಾಗಿ ಕೂತರೆ, ಕೈ ಆಡೋ ಲಯವನ್ನೇ ನಾಡಿ ಅಂತ ತೋರಿಸಿಬಿಡುತ್ತೆ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಜಾರದ ಹಾಗೆ ಕಟ್ಟಬೇಕು. ಹಿಂಬದಿ ಗಾಜು ದಿನಾ ಒರೆಸಬೇಕು.

ತಪ್ಪು ಲೆಕ್ಕ, ಹಾಳಾಗಲಿ ಬಿಡಿ. ಆ ತಪ್ಪು ಲೆಕ್ಕವನ್ನೇ ಕೂಡಿಡೋಕೆ ಬ್ಯಾಂಡಿನ ಆ್ಯಪ್‌ಗೆ ಎಂಥ ಹಪಾಹಪಿ! ಫೋನಿನಲ್ಲಿ ಹೆಜ್ಜೆ ಎಣಿಸೋಕೆ ‘ದೈಹಿಕ ಚಟುವಟಿಕೆ’ ಅನುಮತಿ ಸಾಕು. ಕಾಂಟ್ಯಾಕ್ಟ್ಸ್ ಯಾಕೆ? ಕರೆ ಬಂದಾಗ ಹೆಸರು ತೋರಿಸೋಕಂತೆ. ಕರೆ ತೋರಿಸು ಅಂತ ಕೇಳಿದವರ್ಯಾರು? ಲೊಕೇಶನ್ನೂ ಹಾಗೇ. ಆಂಡ್ರಾಯ್ಡ್ 11ರವರೆಗೆ ಬ್ಲೂಟೂತಿನಲ್ಲಿ ಬ್ಯಾಂಡ್ ಹುಡುಕೋಕೆ ಅದು ಬೇಕಿತ್ತು, ಒಪ್ಪೋಣ. 12ರಿಂದ ಅದಕ್ಕೆ ‘ಹತ್ತಿರದ ಸಾಧನಗಳು’ ಅಂತ ಬೇರೆಯೇ ಅನುಮತಿ ಇದೆ. ನಡೆದ ದಾರಿಯ ನಕ್ಷೆ ಬೇಕಿದ್ದರೆ ‘ಆ್ಯಪ್ ಬಳಸುವಾಗ ಮಾತ್ರ’ ಅಂತ ಕೊಡಿ, ‘ಯಾವಾಗಲೂ’ ಖಂಡಿತ ಬೇಡ.

ಇನ್ನು ಬಿಡಿಸಿಕೊಳ್ಳೋ ಪಾಡು. ಆ್ಯಪ್ ಕಿತ್ತು ಹಾಕಿದರೆ ಫೋನಿಂದ ಹೋಗುತ್ತೆ, ಕಂಪನಿಯ ಸರ್ವರಿನಲ್ಲಿ ನಿಮ್ಮ ನಿದ್ದೆ, ನಾಡಿ, ಓಡಾಟ ಎಲ್ಲ ಹಾಗೇ ಕೂತಿರುತ್ತೆ. ಮೊದಲು ದತ್ತಾಂಶ ಇಳಿಸಿಕೊಳ್ಳಿ, ಬೇರೆ ಆ್ಯಪ್‌ಗಳ ಕೊಂಡಿ ಕಳಚಿ, ಆಮೇಲೆ ಒಳಗಿಂದಲೇ ಖಾತೆ ಅಳಿಸಿ. ಆ್ಯಪ್ ತೆಗೆಯೋದು ಕೊನೆಗೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯೋ ಹಾಗಿರಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಬರೆದಿದೆ. ಇಲ್ಲಿ ನೋಡಿದರೆ ಒಪ್ಪೋಕೆ ಒಂದು ಒತ್ತು. ಅಳಿಸೋಕೆ ಪರದೆ ಮೇಲೆ ಪರದೆ, ‘ಯಾಕೆ ಹೋಗ್ತೀರಿ’ ಅನ್ನೋ ವಿಚಾರಣೆ, ಕಡೆಗೊಂದು ಓಟಿಪಿ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಬುಡದಲ್ಲಿ ಕರೆಂಟ್ ಹೋಗಿ, ಹಿಂದೆಯೇ ಟವರೂ ಮಲಗಿದರೆ ಆ ಓಟಿಪಿ ಬರೋ ಹೊತ್ತಿಗೆ ಅದರ ಅವಧಿ ಮುಗಿದಿರುತ್ತೆ. ಮತ್ತೆ ಮೊದಲಿಂದ ಒತ್ತಿ.