ಗಾಳಿ ಚೆನ್ನಾಗಿದೆ, ಆದರೆ ಕೋಳಿಗೂಡಿನ ಚಿಲಕ ತೆಗೆಯೋರು ಯಾರು?

ಕಾಯಿಲೆ ಬಿದ್ದವರಿಗೆ ಹಳ್ಳಿವಾಸವೇ ಒಳ್ಳೆಯದು ಅಂತ ಹೇಳುವವರಲ್ಲಿ ಹೆಚ್ಚಿನವರು ಪೇಟೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರು. ಹಳ್ಳಿಯ ಗಾಳಿ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಗಾಳಿ ಬಂದು ಕೋಳಿಗೆ ನೀರಿಡುವುದಿಲ್ಲ.

ನಾನು ಹುಟ್ಟಿದ್ದು ಮದ್ದೂರಿನ ಕಡೆ. ಈಗ ಇರುವುದು ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನ ಒಂದು ಹಳ್ಳಿಯಲ್ಲಿ. ನನಗೆ ರುಮಟಾಯ್ಡ್ ಸಂಧಿವಾತ. ಇದರ ಕಾಟ ಜಾಸ್ತಿ ಬೆಳಗಿನ ಹೊತ್ತಿಗೇ. ಕೋಳಿಗಳಿಗೆ ಅವಸರವೂ ಆ ಹೊತ್ತಿಗೇ. ಗೂಡಿನ ಚಿಲಕ ಹೆಬ್ಬೆರಳಿನಲ್ಲಿ ಒತ್ತಿ ಪಕ್ಕಕ್ಕೆ ಎಳೆಯುವಂಥದ್ದು. ಚಳಿಗಾಲದಲ್ಲಿ ಹಿಮ ಕಚ್ಚಿಕೊಂಡು ಅಲ್ಲಾಡುವುದೇ ಇಲ್ಲ. ಬೆರಳು ಮಡಚುವುದಿಲ್ಲ, ಹಾಗಾಗಿ ಅಂಗೈ ಬುಡದಿಂದ ಗುದ್ದಿ ತೆಗೆಯುತ್ತೇನೆ. ಒಳಗಿನಿಂದ ಹೇಂಟೆಗಳು ಬೈಯುತ್ತಲೇ ಇರುತ್ತವೆ.

ನಮ್ಮೂರಲ್ಲಿ ಅಮ್ಮನಿಗೆ ಜ್ವರ ಬಂದರೆ ಪಕ್ಕದ ಮನೆ ಅತ್ತೆ ಹೇಳದೆ ಕೇಳದೆ ಬರುತ್ತಿದ್ದರು. ಮಂಕರಿ ಎತ್ತಿ, ಒಂದು ಹಿಡಿ ನುಚ್ಚು ಎರಚಿ, ಮೊಟ್ಟೆ ತಂದು ಒಳಗಿಡುತ್ತಿದ್ದರು. ಒಂದೆರಡು ಅವರ ಸೆರಗಿನಲ್ಲೂ ಹೋಗುತ್ತಿದ್ದವು ಅನ್ನಿ. ಅದು ಲೆಕ್ಕಕ್ಕೇ ಇಲ್ಲ.

ಇಲ್ಲಿನ ನೆರೆಯವರು ಒರಟರೇನಲ್ಲ. 'ಏನಾದರೂ ಬೇಕಿದ್ದರೆ ದಯವಿಟ್ಟು ಹೇಳಿ' ಅಂತ ಮೆಸೇಜ್ ಮಾಡುತ್ತಾರೆ. ಕಷ್ಟ ಇರುವುದೇ ಆ ಹೇಳುವುದರಲ್ಲಿ. ಮೈಕೈ ನೋವಿನಲ್ಲಿ ಮಲಗಿದವರು ಇಂಥ ಹೊತ್ತಿಗೆ ಇಂಥ ಕೆಲಸ ಅಂತ ಲೆಕ್ಕ ಹಾಕಿ ಕೇಳಬೇಕು. ಒಂದು ಸಲ ಕೇಳಿದರೆ ಮಾತ್ರ ಆಮೇಲೆ ಚಿಂತೆಯಿಲ್ಲ. ಎದುರು ಮನೆಯ ಹಿರಿಯರೊಬ್ಬರು ಮಳೆ ಬರಲಿ, ಹಿಮ ಬೀಳಲಿ, ನರಿ ಬರುವ ಮೊದಲೇ ಬಂದು ಗೂಡು ಮುಚ್ಚಿ ಹೋಗುತ್ತಾರೆ.

ಊರಿನದ್ದೆಲ್ಲ ಒಳ್ಳೆಯದು ಅಂತಲ್ಲ. ಅಲ್ಲಿ ಕಾಯಿಲೆ ಕಣ್ಣಿಗೆ ಕಾಣಬೇಕು. 'ನೋಡೋಕೆ ಚೆನ್ನಾಗೇ ಇದ್ದೀಯಲ್ಲ ಮಗಾ' ಅಂತ ಶುರುವಾದರೆ ಹರಳೆಣ್ಣೆ, ಉತ್ತರೇಣಿ, ಯಾರದೋ ಊರಿನ ನಾಟಿ ವೈದ್ಯರವರೆಗೂ ಮಾತು ಹೋಗುತ್ತದೆ. ನಾನು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಗೊಳ್ಳುತ್ತೇನೆ. ಅದು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಆಗಾಗ ರಕ್ತ ಪರೀಕ್ಷೆ ಆಗಬೇಕು. ಕೋಳಿಗೂಡಿನ ಧೂಳು ನನ್ನಂಥವರಿಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡು ಗೂಡು ಗುಡಿಸಿದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಊರಲ್ಲಾದರೆ ಅರಳಿಕಟ್ಟೆಗೆ ಒಂದು ವಾರದ ಮಾತು.

ಇನ್ನು ಇಲ್ಲಿನ ಕಾನೂನುಗಳು! ಅಡುಗೆಮನೆಯಲ್ಲಿ ಮಿಕ್ಕ ಅನ್ನ ಕೋಳಿಗೆ ಹಾಕುವಂತಿಲ್ಲ. ತರಕಾರಿ ಸಿಪ್ಪೆಯೂ ಅಡುಗೆಮನೆ ಹೊಕ್ಕಿದ್ದರೆ ಮುಗಿಯಿತು. ಹಾಲು ತುಪ್ಪವನ್ನೂ ಮುಟ್ಟದ ಅಪ್ಪಟ ವೀಗನ್ ಮನೆಗೆ ಮಾತ್ರ ವಿನಾಯಿತಿ. 2024ರ ಅಕ್ಟೋಬರ್‌ನಿಂದ ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ 'ಕೋಳಿಗೂ ರೇಷನ್ ಕಾರ್ಡಾ?' ಅಂತ ನಕ್ಕರು. ಆದರೆ ಇದು ಸುಮ್ನೆ ಮಾಡಿದ್ದಲ್ಲ. ಹಕ್ಕಿಜ್ವರ ಜೋರಾಗಿ 2022ರ ನವೆಂಬರ್ 7ರಿಂದ ಮುಂದಿನ ಏಪ್ರಿಲ್‌ವರೆಗೆ ಇಂಗ್ಲೆಂಡಿನಲ್ಲಿ ಸಾಕಿದ ಕೋಳಿಗಳನ್ನೆಲ್ಲ ಒಳಗೇ ಇಡಬೇಕಾಗಿತ್ತು. ನಮ್ಮೂರಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಒಂದು ಕೇರಿಯ ಕೋಳಿಯೆಲ್ಲ ಖಾಲಿಯಾದ ಮೇಲೇ ಪಕ್ಕದ ಕೇರಿಗೆ ಗೊತ್ತಾಗುತ್ತಿತ್ತು. ಈ ವಿಷಯದಲ್ಲಿ ನನ್ನ ಓಟು ಇಲ್ಲಿಯವರಿಗೇ.

ಹಕ್ಕಿ ನೋಡುವುದು ಶುರುವಾದದ್ದು ಮಂಚ ಕಿಟಕಿಯ ಪಕ್ಕ ಬಂದ ಮೇಲೆ. ಕೋಳಿ ಎಬ್ಬಿಸುತ್ತದೆ, ಹೊರಗಿನ ಹಕ್ಕಿ ಎಬ್ಬಿಸುವುದಿಲ್ಲ. ಕಾಯಿಲೆಯವರಿಗೆ ಅದೇ ದೊಡ್ಡ ಅನುಕೂಲ. 1979ರಿಂದ ಪ್ರತಿ ಜನವರಿ ಕೊನೆಗೆ ಆರ್‌ಎಸ್‌ಪಿಬಿ ಅನ್ನುವ ಇಲ್ಲಿನ ಹಕ್ಕಿ ಸಂರಕ್ಷಣಾ ಸಂಸ್ಥೆಯವರು ಮನೆಯಂಗಳದ ಹಕ್ಕಿ ಎಣಿಕೆ ನಡೆಸುತ್ತಾರೆ. ಒಂದು ಗಂಟೆ ಕೂತು, ಒಂದೊಂದು ಜಾತಿ ಒಂದೇ ಸಲಕ್ಕೆ ಹೆಚ್ಚೆಂದರೆ ಎಷ್ಟು ಕಂಡವು ಅಂತ ಬರೆಯಬೇಕು. ಬಂದುಹೋದದ್ದನ್ನೆಲ್ಲ ಕೂಡಿಸಿದರೆ ಒಂದೇ ರಾಬಿನ್ ಹತ್ತು ಆಗಿಬಿಡುತ್ತದೆ, ಅಲ್ವಾ? ಮಂಚದಲ್ಲಿ ದಿಂಬಿಗೆ ಒರಗಿದವರೂ ಮಾಡಬಹುದಾದ ಕೆಲಸ ಇದು. ರಾಬಿನ್, ಬ್ಲೂ ಟಿಟ್ ಬಂದರೂ ನಾನು ಕಾಯುವುದು ಗುಬ್ಬಚ್ಚಿಗೆ. ನಮ್ಮ ಜಂತೆಯಲ್ಲಿ ಗೂಡು ಕಟ್ಟುತ್ತಿದ್ದ ಅದೇ ಜಾತಿ. ಅದೂ ಇಲ್ಲಿ ತೀರಾ ಕಡಿಮೆಯಾಗುತ್ತಿರುವ ಹಕ್ಕಿಗಳ ಕೆಂಪು ಪಟ್ಟಿಯಲ್ಲಿದೆ.

ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಯಾರೂ ಹಕ್ಕಿ ಎಣಿಸಿ ಕೂರುತ್ತಿರಲಿಲ್ಲ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆ ಮುಂದಿನ ಹುಣಸೆ ಮರಗಳಲ್ಲೇ ಮರಿ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಜನ ಅವನ್ನು ನೋಡಿಕೊಂಡರು. ವಾಸನೆ, ಗಲಾಟೆ, ಅಂಗಳದ ತುಂಬ ಹಿಕ್ಕೆ, ಎಲ್ಲ ಸಹಿಸಿದರು. ಆ ಹಿಕ್ಕೆಯನ್ನೇ ಗೊಬ್ಬರವೂ ಮಾಡಿಕೊಂಡರು. ನನಗೆ ಇದು ಎಣಿಕೆಗಿಂತ ದೊಡ್ಡದು ಅನಿಸುತ್ತದೆ. ಇಲ್ಲಿ ಹಕ್ಕಿಯ ಮೇಲೆ ಪ್ರೀತಿ ಬಹಳ, ಆದರೆ ನಡುವೆ ಒಂದು ಗಾಜು ಇರುತ್ತದೆ. ಕಾಯಿಲೆಯವರನ್ನು ನೋಡಿಕೊಳ್ಳುವ ರೀತಿಯೂ ಹೀಗೇ.

ಈಗ ಬೆಳಕು ಕಂಡರೆ ತಾನೇ ತೆರೆದುಕೊಳ್ಳುವ, ಕತ್ತಲಾದರೆ ತಾನೇ ಮುಚ್ಚಿಕೊಳ್ಳುವ ಬಾಗಿಲನ್ನು ಗೂಡಿಗೆ ಹಾಕಿಸಬೇಕು ಅಂತಿದ್ದೇನೆ. ಚಿಲಕದ ಕಾಟ ತಪ್ಪುತ್ತದೆ. ಆದರೆ ಹೆಪ್ಪುಗಟ್ಟಿದ ನೀರಿನ ತಟ್ಟೆಗೆ ಬಿಸಿನೀರು ಹುಯ್ಯೋಕೆ ಒಬ್ಬರು ಬೇಕೇ ಬೇಕು. ಎದುರು ಮನೆಯವರನ್ನು ಬೆಳಗ್ಗೆಯೂ ಕೇಳಬೇಕು. ಇನ್ನೂ ಕೇಳಿಲ್ಲ.