ತಂಬಾಕು ಬಿಡಿಸುವ ತರಬೇತಿ ಪ್ರತಿ ಆರೋಗ್ಯ ಸಿಬ್ಬಂದಿಗೂ ಕಡ್ಡಾಯವಾಗಬೇಕೆ?

ಪರ

ತಲೆಯೆತ್ತದೆ ಚೀಟಿ ಬರೆಯುತ್ತಲೇ "ಬೀಡಿ ಬಿಟ್ಟುಬಿಡಿ" ಎನ್ನುವ ವೈದ್ಯರನ್ನು ನಾವೆಲ್ಲ ಕಂಡಿದ್ದೇವೆ. ಅವರ ಮಾತು ತಪ್ಪಲ್ಲ. ಆದರೆ ಹೇಗೆ ಬಿಡಬೇಕೆಂಬುದನ್ನು ಹೇಳಿಕೊಡದ ಮಾತು ರೋಗಿಯ ಕಿವಿಗೆ ಬೈಗುಳದಂತೆಯೇ ಕೇಳಿಸುತ್ತದೆ.

ವೈದ್ಯರ ಮಾತಿಗೆ ತೂಕವಿದೆ ಎಂಬುದಕ್ಕೆ 1979ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೇ ಸಾಕ್ಷಿ: ವೈದ್ಯರು ಸಲಹೆಯ ಜೊತೆಗೆ ಕರಪತ್ರ ಕೊಟ್ಟು, ಮುಂದೆ ವಿಚಾರಿಸುತ್ತೇವೆಂದು ಎಚ್ಚರಿಸಿದ ಗುಂಪಿನಲ್ಲಿ ಶೇ 5.1ರಷ್ಟು ಮಂದಿ ಒಂದು ವರ್ಷದ ನಂತರವೂ ಧೂಮಪಾನದಿಂದ ದೂರವಿದ್ದರೆ, ಏನೂ ಹೇಳದ ಗುಂಪಿನಲ್ಲಿ ಹಾಗಿದ್ದವರು ಶೇ 0.3 ಮಾತ್ರ. ಇನ್ನು ತರಬೇತಿಯ ವಿಷಯಕ್ಕೆ ಬಂದರೆ, ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು 17 ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ 2012ರ ವಿಮರ್ಶೆಯು ತರಬೇತಿ ಪಡೆದವರ ಬಳಿಗೆ ಹೋದ ರೋಗಿಗಳು ಹೆಚ್ಚಿನ ಪ್ರಮಾಣದಲ್ಲಿ ಧೂಮಪಾನ ಬಿಟ್ಟದ್ದನ್ನು ಕಂಡುಕೊಂಡಿತು.

ಕಲಿಯಬೇಕಾದದ್ದು ಸಣ್ಣ ಸಂಗತಿಗಳೇ, ಆದರೆ ಅವು ತಾವಾಗಿ ಹೊಳೆಯುವಂಥವಲ್ಲ. ತಂಬಾಕಿನ ತಲಬು ತಣಿಸಲು ಕೊಡುವ ನಿಕೋಟಿನ್ ಗಮ್ಮನ್ನು ಬಬಲ್‌ಗಮ್ಮಿನಂತೆ ಒಂದೇ ಸಮನೆ ಜಗಿದವನಿಗೆ ಬಿಕ್ಕಳಿಕೆ, ಗಂಟಲುರಿ ಬಂದು ಎರಡನೇ ದಿನವೇ ಅದನ್ನು ಎಸೆಯುತ್ತಾನೆ. ನಿಧಾನವಾಗಿ ಜಗಿದು, ಖಾರ ಹತ್ತಿದೊಡನೆ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕೆಂದು ಯಾರಾದರೂ ಹೇಳಬೇಕು. ಚಟ ಬಿಡಲು ನೆರವಾಗುವ ವರೆನಿಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ಬಿಡುವ ದಿನಕ್ಕೆ ಒಂದು ವಾರ ಮೊದಲೇ ಆರಂಭಿಸಬೇಕು. ಅದೇ ಕೆಲಸಕ್ಕೆ ಬಳಸುವ ಇನ್ನೊಂದು ಮಾತ್ರೆ ಬುಪ್ರೊಪಿಯಾನನ್ನು ಮೂರ್ಛೆರೋಗ ಇರುವವರಿಗೆ ಕೊಡಬಾರದು. ಸಿಡುಕು, ನಿದ್ದೆಗೇಡು ಮೊದಲ ವಾರದಲ್ಲಿ ಜೋರಾಗಿದ್ದು ಆಮೇಲೆ ಇಳಿಯುತ್ತವೆ ಎಂದು ಮುಂಚೆಯೇ ತಿಳಿದಿದ್ದ ರೋಗಿ ಆ ವಾರವನ್ನು ದಾಟಿಯಾನು. ಕ್ಷಯದ ಚಿಕಿತ್ಸೆಯಲ್ಲಿರುವವರಂತೂ ತಿಂಗಳುಗಟ್ಟಲೆ ಆರೋಗ್ಯ ಸಿಬ್ಬಂದಿಯ ಕಣ್ಣಳತೆಯಲ್ಲೇ ಇರುತ್ತಾರೆ. ಅಷ್ಟು ಭೇಟಿಗಳಲ್ಲಿ ಬೀಡಿಯ ಮಾತು ಸರಿಯಾಗಿ ಬಾರದಿದ್ದರೆ ಅದು ನಮ್ಮದೇ ಲೋಪ.

ವಿರೋಧ

ಲಂಡನ್ನಿನ ಅದೇ ಅಂಕಿಯನ್ನು ತಿರುಗಿಸಿ ನೋಡೋಣ. ನೂರರಲ್ಲಿ ಸುಮಾರು 95 ಮಂದಿ ಬಿಡಲಿಲ್ಲ. ಬಿಟ್ಟವರಿಗೆ ಸಿಕ್ಕಿದ್ದು ಒಂದೆರಡು ನಿಮಿಷದ ಸಲಹೆ, ಒಂದು ಕರಪತ್ರ. ಇಷ್ಟಕ್ಕೆ ಒಂದು ಸುತ್ತೋಲೆ ಸಾಕು. ಇಡೀ ರಾಜ್ಯದ ಸಿಬ್ಬಂದಿಯನ್ನು ಶಿಬಿರಕ್ಕೆ ಕರೆಯಬೇಕಿಲ್ಲ.

ಕಡ್ಡಾಯ ಎಂಬ ಪದದ ಬಗ್ಗೆಯೇ ನನ್ನ ತಕರಾರು. ಲಸಿಕೆ, ಗರ್ಭಿಣಿಯರ ನೋಂದಣಿ, ಮನೆಮನೆ ಸಮೀಕ್ಷೆ ಎಂದು ಓಡಾಡುವ ಆಶಾ ಕಾರ್ಯಕರ್ತೆಯ ಕೈಗೆ ಇನ್ನೊಂದು ನಮೂನೆ ಬಂದರೆ, ಅದು ಭರ್ತಿಯಾಗುತ್ತದೆ, ಬೀಡಿ ಆರುವುದಿಲ್ಲ. ತರಬೇತಿಯ ಪ್ರಮಾಣಪತ್ರ ಗೋಡೆಯ ಮೇಲಿದ್ದು, ದಾಸ್ತಾನಿನಲ್ಲಿ ಗಮ್ ಇಲ್ಲದಿದ್ದರೆ, ಕೂಲಿಯವನಿಗೆ ಹೊರಗಿನ ಅಂಗಡಿಯಲ್ಲಿ ಅದನ್ನು ಕೊಳ್ಳುವುದಕ್ಕಿಂತ ಬೀಡಿಯ ಕಟ್ಟೇ ಅಗ್ಗ.

ಮೇಲಾಗಿ, ಧೂಮಪಾನಕ್ಕೆಂದೇ ರೂಪಿಸಿದ ಪಾಠ ನಮ್ಮ ಊರುಗಳಿಗೆ ಅರ್ಧವೂ ಹೊಂದುವುದಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಧೂಮಪಾನಿಗಳು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಎಲೆಯಡಿಕೆಯೊಂದಿಗೆ ಕಡ್ಡಿಪುಡಿ ಹಾಕುವ ಅಜ್ಜಿಯನ್ನು "ಸಿಗರೇಟು ಸೇದುತ್ತೀರಾ?" ಎಂದು ಕೇಳಿ, ಇಲ್ಲ ಎಂಬ ಉತ್ತರ ಬರೆದುಕೊಂಡು ಕಳುಹಿಸುವ ತರಬೇತಿ ಯಾರಿಗೆ ಬೇಕು?

ಬಿಡಿಸಬಲ್ಲವರು ಇಲ್ಲವೆಂದಲ್ಲ. 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚಾಗುತ್ತಿದೆ. ಅದರ ಕರೆಗಳಿಗೆ ಉತ್ತರಿಸುವ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. ತಾಲ್ಲೂಕು ಆಸ್ಪತ್ರೆಗೊಬ್ಬ ಪೂರ್ಣಾವಧಿ ಆಪ್ತಸಮಾಲೋಚಕರನ್ನು ನೇಮಿಸಿ, ಗಮ್ಮನ್ನು ಆಸ್ಪತ್ರೆ ತರಿಸಿಕೊಳ್ಳುವ ಔಷಧಗಳ ಬೇಡಿಕೆಪಟ್ಟಿಗೆ ಸೇರಿಸಿ, ಉಳಿದ ಸಿಬ್ಬಂದಿಯೆಲ್ಲ ಚೀಟಿಯ ಕೆಳಗೆ ಆ ಸಂಖ್ಯೆ ಬರೆದು, ಮುಂದಿನ ಭೇಟಿಯಲ್ಲಿ "ಕರೆ ಮಾಡಿದಿರಾ?" ಎಂದು ಕೇಳಿದರೆ ಸಾಕು.